ನಾರದರು ಕೇಳಿದ್ದು, ಚಾಲೈ ಅಂಗಡಿಯವರು ಬರೆದುಕೊಂಡಿದ್ದು

ತಿರುವನಂತಪುರದ ಈಸ್ಟ್ ಫೋರ್ಟ್ ಹತ್ತಿರ ಇರುವ ಪಳವಂಗಾಡಿ ಗಣಪತಿ ದೇವಸ್ಥಾನವನ್ನು ನಡೆಸುವುದು ಸೇನೆ. ದೇವಸ್ವಂ ಬೋರ್ಡೂ ಅಲ್ಲ, ಯಾವುದೋ ಮನೆತನದ ಟ್ರಸ್ಟೂ ಅಲ್ಲ, ಮದ್ರಾಸ್ ರೆಜಿಮೆಂಟು. ಶನಿವಾರಸಂತೆಯಿಂದ ಬರುವ ನಮ್ಮ ನೆಂಟರು ಇದನ್ನು ಕೇಳಿದರೆ ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ತಿರುವಾಂಕೂರಿನ ನಾಯರ್ ಪಡೆಯವರು ಪದ್ಮನಾಭಪುರದ ಕೋಟೆಯಲ್ಲಿದ್ದಾಗ ಪೂಜಿಸುತ್ತಿದ್ದ ಗಣಪತಿ ಇದು. 18ನೇ ಶತಮಾನದ ಕೊನೆಯಲ್ಲಿ ರಾಜಧಾನಿ ತಿರುವನಂತಪುರಕ್ಕೆ ಬಂದಾಗ ಸಿಪಾಯಿಗಳು ತಮ್ಮ ದೇವರನ್ನೂ ಕರೆತಂದರು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನದ ಪಡೆಗಳು ಭಾರತೀಯ ಸೇನೆಗೆ ಸೇರಿದವು. ಸಿಪಾಯಿಗಳ ಹಿಂದೆ ಗಣಪತಿಯೂ ಸೇರಿಕೊಂಡ.

ಅಲ್ಲಿ ನಡೆಯುವ ದೊಡ್ಡ ಸೇವೆ ಈಡುಗಾಯಿ. ಬೆಳಗ್ಗೆಯಿಂದ ರಾತ್ರಿವರೆಗೆ ಕಾಯಿ ಒಡೆಯುವ ಸದ್ದು ನಿಲ್ಲುವುದಿಲ್ಲ. ಕಣ್ಣು ಕಾಣದವರೂ ಆ ಸದ್ದು ಹಿಡಿದು ದೇವಸ್ಥಾನ ಸೇರಬಹುದು. ಕೂಗಳತೆಯಲ್ಲೇ ಚಾಲೈ ಬಜಾರು ಶುರುವಾಗುತ್ತದೆ. ಧರ್ಮರಾಜನೆಂದು ಹೆಸರಾದ ಕಾರ್ತಿಕ ತಿರುನಾಳ್ ಮಹಾರಾಜನ ಕಾಲದಲ್ಲಿ ರಾಜಾ ಕೇಶವದಾಸ್ ಕಟ್ಟಿಸಿದ ಪೇಟೆ ಅದು. ಈ ಕೇಶವದಾಸ್ ಹುಡುಗನಾಗಿದ್ದಾಗ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು, ಮುಂದೆ ದಿವಾನನಾದ. ಅವನು ಕಟ್ಟಿದ ಬೀದಿಯಲ್ಲಿ ಇವತ್ತಿಗೂ ಅಕ್ಕಿ, ಹಗ್ಗ, ಪಾತ್ರೆ, ಹೂವು, ಮದುವೆಯ ಪಟ್ಟೆಸೀರೆ, ತಲೆಹೊರೆ, ಬೈಗುಳ ಎಲ್ಲ ಒಂದರ ಮೇಲೊಂದು. ನಾನು ಇರುವುದು ಕರಮನದಲ್ಲಿ, ಮಗಳ ಮನೆ. ಅವಳು ಟೆಕ್ನೋಪಾರ್ಕಿಗೆ ಹೋದ ಮೇಲೆ ನನ್ನ ಸವಾರಿ ಚಾಲೈಗೆ. ಈ ಊರು ನನಗೆ ಹೊಸದಲ್ಲ. ಕಾರ್ಗಿಲ್ ಯುದ್ಧದ ವರ್ಷ, 1999ರಲ್ಲಿ, ನಾನು ಇಲ್ಲೇ ಪಾಂಗೋಡಿನ ಮಿಲಿಟರಿ ಕ್ವಾರ್ಟರ್ಸಿನಲ್ಲಿದ್ದೆ, ಚಿಕ್ಕ ಮಗಳನ್ನು ಕಟ್ಟಿಕೊಂಡು. ಮನೆಯವರು ಫೀಲ್ಡಿನಲ್ಲಿದ್ದರು. ವಿಳಾಸ ಅಂದರೆ ಪೆನ್ನಿನಲ್ಲಿ ಬರೆಯುವ ಸೇನಾ ಅಂಚೆಯ ‘56 ಎಪಿಒ’, ಅಷ್ಟೇ.

ಅತ್ತೆ ಊರಿನಿಂದ ಬಂದಿದ್ದರು. ಪಳವಂಗಾಡಿಯ ಗಣಪತಿ ಸಿಪಾಯಿಗಳ ದೇವರು ಎಂದು ಪಕ್ಕದ ಕ್ವಾರ್ಟರ್ಸಿನ ಮಲಯಾಳಿ ಹೆಂಗಸು ಹೇಳಿದ್ದೇ ತಡ, ಮಗ ನೆಟ್ಟಗೆ ಬಂದರೆ ನೂರೊಂದು ಈಡುಗಾಯಿ ಎಂದು ಹರಕೆ ಹೊತ್ತರು. ಮಗ ನೆಟ್ಟಗೆ ಬಂದ. ಕಾಯಿ ಒಡೆದದ್ದೂ ಆಯಿತು. ಒಡೆಯುವಾಗ ಅವರ ಮುಖ ನೋಡಬೇಕಿತ್ತು, ಗದ್ದೆ ಜಗಳದಲ್ಲಿ ಕೇಸು ಗೆದ್ದವರ ಹಾಗಿತ್ತು.

ನನಗೆ ಮಾತ್ರ ಅಂದಿನಿಂದ ಒಂದು ಕಸಿವಿಸಿ ಉಳಿದುಕೊಂಡಿತು. ಆ ಯುದ್ಧದಲ್ಲಿ ನಮ್ಮ ಸೇನೆಯ 527 ಜನ ಹೋದರು. ಅವರ ಅಮ್ಮಂದಿರು ಹರಕೆ ಹೊತ್ತಿರಲಿಲ್ಲವೇ? ಇನ್ನು ಆಚೆ ಕಡೆಯವರು? ಅವರ ಮನೆಯಲ್ಲೂ ಒಬ್ಬಳು ಮುದುಕಿ ಕೂತು ಪ್ರಾರ್ಥಿಸಿರುತ್ತಾಳೆ. ಸಿಪಾಯಿ ಹುಷಾರಾಗಿ ಬರಲಿ ಎಂದು ಬೇಡುವುದರೊಳಗೆ, ಎದುರಿನವನು ಹುಷಾರಾಗಿ ಹೋಗದಿರಲಿ ಎಂಬುದೂ ಸೇರಿರುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಕನ್ನಡದವಳಾಗಿ ಈ ಗಣಪತಿಯ ಮುಂದೆ ನಿಂತರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. 1789ರ ಡಿಸೆಂಬರಿನಲ್ಲಿ ಟಿಪ್ಪುವಿನ ಸೈನ್ಯ ತಿರುವಾಂಕೂರಿನ ಉತ್ತರ ಗಡಿಯ ನೆಡುಂಕೋಟ್ಟೆಯ ಮೇಲೆ ದಾಳಿ ಮಾಡಿತು. ಆಗ ಈ ದೇವರು ಇನ್ನೂ ಪದ್ಮನಾಭಪುರದಲ್ಲಿದ್ದ. ತಿರುವಾಂಕೂರಿನ ಸಿಪಾಯಿಯ ಹೆಂಡತಿ ಗಣಪತಿಗೆ ಕೈ ಮುಗಿದಿದ್ದರೆ, ನಮ್ಮ ಮೈಸೂರು ಸೀಮೆಯ ಸಿಪಾಯಿಯ ಹೆಂಡತಿ ರಂಗನಾಥನಿಗೋ ದರ್ಗಾಕ್ಕೋ ಹರಕೆ ಹೊತ್ತಿರುತ್ತಾಳೆ. ಮೊದಲ ದಾಳಿಯಲ್ಲಿ ಮೈಸೂರಿನವರು ಹಿಮ್ಮೆಟ್ಟಿದರು, ಮುಂದಿನ ವರ್ಷ ಕೋಟೆಗೋಡೆ ಒಡೆದರು. ಹಾಗಾದರೆ ದೇವರು ಯಾರ ಮಾತು ಕೇಳಿದ? ಎರಡೂ ಕಡೆಯ ಹೆಂಗಸರ ಮಾತನ್ನು ಒಂದೊಂದು ಸಲ ಕೇಳಿದ, ಅಥವಾ ಯಾರ ಮಾತನ್ನೂ ಕೇಳಲಿಲ್ಲ. ಇದಕ್ಕಿಂತ ಹೆಚ್ಚಿನ ಉತ್ತರ ನನಗೆ ಯಾವ ಸ್ವಾಮಿಗಳ ಪ್ರವಚನದಲ್ಲೂ ಸಿಕ್ಕಿಲ್ಲ. ಕಾಲ ಮಾಡಿದ ತಮಾಷೆ ನೋಡಿ: ತಿರುವಾಂಕೂರಿನ ಹಳೆಯ ಪಡೆ ಇವತ್ತು ಮದ್ರಾಸ್ ರೆಜಿಮೆಂಟಿನ 9 ಮತ್ತು 16ನೇ ಬೆಟಾಲಿಯನ್ನು. ಮೈಸೂರು ಸಂಸ್ಥಾನದ ಕಾಲಾಳುಪಡೆ ಅದೇ ರೆಜಿಮೆಂಟಿನ 18ನೇದು. ವೆಲ್ಲಿಂಗ್ಟನ್ನಿನ ಸೆಂಟರಿನಲ್ಲಿ ಎರಡೂ ಕಡೆಯ ಹುಡುಗರು ಒಂದೇ ಮೆಸ್ಸಿನಲ್ಲಿ ಸಾಂಬಾರು ಹಾಕಿಸಿಕೊಳ್ಳುತ್ತಾರೆ.

ಆ ರೆಜಿಮೆಂಟಿನ ಧ್ಯೇಯವಾಕ್ಯ ಗೀತೆಯ ಮೂರನೇ ಅಧ್ಯಾಯದಿಂದ ತೆಗೆದದ್ದು. ತನ್ನ ಧರ್ಮ ಮಾಡುತ್ತಾ ಸಾಯುವುದು ಲೇಸು ಎಂಬ ಅರ್ಥದ್ದು. ಮನೆಯವರ ಟ್ರಂಕಿನ ಮೇಲೆ, ವರ್ಷಾವರ್ಷ ಬರುವ ಕ್ಯಾಲೆಂಡರಿನ ಮೇಲೆ, ಮದುವೆಗೆ ಯಾರೋ ಕೊಟ್ಟ ಗೋಡೆ ಫಲಕದ ಮೇಲೆ ಅದನ್ನು ಓದಿ ಓದಿ ನನಗೆ ಬಾಯಿಪಾಠವಾಗಿದೆ. ಮಾತು ದೊಡ್ಡದು, ತಕರಾರಿಲ್ಲ. ಆದರೆ ಅದು ರಥದಲ್ಲಿ ಕೂತವನಿಗೆ ಹೇಳಿದ್ದು. ಸಾಯುವ ಧರ್ಮ ಅವನದು ಅಂತಾಯಿತು. ಅವನ ಹೆಸರಿನಲ್ಲಿ ಸುಖವಾಗಿ ನಿದ್ದೆ ಮಾಡುವವರ ಧರ್ಮ ಯಾವುದು? ಚಾಲೈಯ ಅಂಗಡಿಯವನದು, ಬ್ಯಾಂಕಿನ ಕೌಂಟರಿನವನದು, ಶಾಲೆಯ ಹೆಡ್‌ಮಾಸ್ಟರದು, ಪಕ್ಕದ ಮನೆಯವರದು? ಗೀತೆ ಅದನ್ನು ಹೇಳುವುದಿಲ್ಲ, ಹೇಳುವ ಸಂದರ್ಭವೂ ಅಲ್ಲ ಅದು.

ಆದರೆ ಮಹಾಭಾರತ ಹೇಳುತ್ತದೆ. ಯುದ್ಧ ಕನಸಿನಲ್ಲೂ ಇಲ್ಲದ ಹೊತ್ತಿನಲ್ಲಿ ಹೇಳುತ್ತದೆ. ಸಭಾಪರ್ವದ ಮೊದಲಲ್ಲಿ ಇಂದ್ರಪ್ರಸ್ಥದ ಹೊಸ ಸಭೆಗೆ ನಾರದರು ಬರುತ್ತಾರೆ. ಕುಶಲ ಕೇಳುವ ನೆಪದಲ್ಲಿ ಯುಧಿಷ್ಠಿರನಿಗೆ ಒಂದು ದೊಡ್ಡ ಪರೀಕ್ಷೆಯನ್ನೇ ಇಡುತ್ತಾರೆ. ಕೆರೆ ತುಂಬಿದೆಯೇ, ರೈತನಿಗೆ ಬೀಜವಿದೆಯೇ, ಕಳ್ಳನ ಕೈಯಿಂದ ಲಂಚ ತಿಂದು ಬಿಡುವ ಅಧಿಕಾರಿಗಳಿದ್ದಾರೆಯೇ ಎಂದು ಒಂದಾದ ಮೇಲೊಂದು ಪ್ರಶ್ನೆ. ನಮ್ಮ ಕುಮಾರವ್ಯಾಸನಲ್ಲೂ ನಾರದರ ಈ ಭೇಟಿ ಇದೆ. ವ್ಯಾಸಭಾರತದ ಪ್ರಶ್ನೆಗಳ ಮಧ್ಯೆ ನನ್ನನ್ನು ಹಿಡಿದು ನಿಲ್ಲಿಸಿದವು ಎರಡು. ಸೈನ್ಯಕ್ಕೆ ಸಲ್ಲಬೇಕಾದ ಊಟ, ಸಂಬಳ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೀಯಾ, ಎಳೆದಾಡುತ್ತಿಲ್ಲವಷ್ಟೆ ಎಂಬುದು ಒಂದು. ನಿನಗಾಗಿ ಸತ್ತವರ, ನಿನಗಾಗಿ ಕಷ್ಟಕ್ಕೆ ಬಿದ್ದವರ ಹೆಂಡಿರನ್ನು ಸಾಕುತ್ತಿದ್ದೀಯಾ ಎಂಬುದು ಇನ್ನೊಂದು.

ಈ ಪ್ರಶ್ನೆಗಳನ್ನು ಕೇಳಿದ ರೀತಿಯಲ್ಲೇ ಒಂದು ತತ್ವ ಇದೆ ಎಂದು ನನಗನ್ನಿಸುತ್ತದೆ. ನಾರದರು ಅವನ್ನು ದಾನದ ಮಾತು ಬಂದಾಗ ಕೇಳಲಿಲ್ಲ. ಯಜ್ಞ ಮಾಡಿದರೆ ಇಷ್ಟು ಪುಣ್ಯ, ವಿಧವೆಗೆ ಸೀರೆ ಕೊಟ್ಟರೆ ಇಷ್ಟು ಪುಣ್ಯ ಎನ್ನಲಿಲ್ಲ. ಖಜಾನೆ, ಕೋಟೆ, ಕೆರೆ, ಸಂಬಳದ ಸಾಲಿನಲ್ಲಿ ಇಟ್ಟು ಕೇಳಿದರು. ಅಂದರೆ ಇದು ರಾಜ್ಯ ಕೊಡಬೇಕಾದ ಬಾಕಿ. ಬಾಕಿ ತೀರಿಸಿದವನಿಗೆ ಯಾರೂ ಹಾರ ಹಾಕುವುದಿಲ್ಲ. ತೀರಿಸದವನನ್ನು ಮಾತ್ರ ಕೇಳುತ್ತಾರೆ.

ಯುಧಿಷ್ಠಿರ ಆ ಪ್ರಶ್ನೆಯನ್ನು ಮರೆಯಲಿಲ್ಲ ಎನ್ನುವುದಕ್ಕೆ ಶಾಂತಿಪರ್ವದಲ್ಲಿ ಒಂದು ಸಣ್ಣ ಜಾಗ ಸಾಕ್ಷಿಯಾಗಿದೆ. ಹದಿನೆಂಟು ದಿನ ಮುಗಿದು, ಪಟ್ಟಕ್ಕೆ ಬಂದ ಮೇಲೆ, ಗಂಡಂದಿರನ್ನೂ ಮಕ್ಕಳನ್ನೂ ಕಳೆದುಕೊಂಡ ಹೆಂಗಸರನ್ನೆಲ್ಲ ಅವನು ಮರ್ಯಾದೆಯಿಂದ ಕಾಪಾಡಿದ ಎಂದು ವ್ಯಾಸರು ಹೇಳಿ ಮುಂದೆ ಹೋಗುತ್ತಾರೆ. ಹರಿಕಥೆಯವರು ಅಲ್ಲಿ ನಿಲ್ಲುವುದಿಲ್ಲ, ಗದೆ ಬೀಸುವ ಕಡೆ ಮಾತ್ರ ನಿಲ್ಲುತ್ತಾರೆ. ಆ ಹೆಂಗಸರಲ್ಲಿ ಕೌರವರ ಕಡೆಯವರೂ ಇದ್ದರು. ಹರಕೆಯ ವಿಷಯದಲ್ಲಿ ನನ್ನನ್ನು ಕಾಡಿದ ಗಂಟು ಅಲ್ಲಿ ಸ್ವಲ್ಪ ಸಡಿಲವಾಯಿತು. ಎರಡೂ ಕಡೆಯ ಮೊರೆಯನ್ನು ದೇವರು ನಡೆಸಿಕೊಡಲಾರ. ಬದುಕುಳಿದ ಮನುಷ್ಯ ಎರಡೂ ಕಡೆಯ ಹೆಂಗಸರನ್ನು ನೋಡಿಕೊಳ್ಳಬಲ್ಲ.

ನಮ್ಮ ಕನ್ನಡ ನಾಡಿನ ರಾಜರು ಈ ಪ್ರಶ್ನೆಗೆ ಕಲ್ಲಿನ ಮೇಲೆ ಉತ್ತರ ಬರೆದಿದ್ದಾರೆ. ನಾನು ಹುಟ್ಟಿದ ಊರಿನ ಅರಳಿಕಟ್ಟೆಯ ಪಕ್ಕ ಒಂದು ವೀರಗಲ್ಲಿತ್ತು. ಕೆಳಗೆ ಕತ್ತಿ ಹಿಡಿದು ಕಾದಾಟ, ನಡುವೆ ಅಪ್ಸರೆಯರು ತೋಳು ಹಿಡಿದು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಕೂತದ್ದು. ಅಕ್ಷರ ಸವೆದು ಹೋಗಿತ್ತು. ಯಾರದೋ ಏನೋ, ಹಬ್ಬದ ದಿನ ಎಣ್ಣೆ ಹಚ್ಚುತ್ತಿದ್ದೆವು. ಅಕ್ಷರ ಉಳಿದ ಕಲ್ಲುಗಳೂ ಇವೆ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿರುವ ಬೇಗೂರಿನ ಕಲ್ಲು ಗಂಗರ ಕಾಲದ್ದು. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರ ಎಂಬ ವೀರ ಸತ್ತ, ಆಗ ದೊರೆ ಎರೆಯಪ್ಪ ಇರುಗ ಎಂಬವನಿಗೆ ಆ ನಾಗತ್ತರನ ಪಟ್ಟವನ್ನೂ ಬೇಗೂರಿನ ಸುತ್ತಣ ಹಳ್ಳಿಗಳನ್ನೂ ಕೊಟ್ಟ ಎಂದು ಅದರಲ್ಲಿದೆ, ಹಳ್ಳಿಗಳ ಹೆಸರು ಸಮೇತ. ಕಾದಿ ಸತ್ತವನ ಮನೆಗೆ ಬಿಡುವ ಭೂಮಿಗೆ ಶಾಸನಗಳಲ್ಲಿ ನೆತ್ತರುಗೊಡಗೆ ಎನ್ನುತ್ತಾರೆ. ಇನ್ನು ಆತಕೂರಿನ ಕಲ್ಲಿನಲ್ಲಂತೂ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರಿನಲ್ಲೂ ಭೂಮಿ ಬಿಟ್ಟಿದ್ದಾರೆ. ಹತ್ತನೇ ಶತಮಾನದ ಮಾತು ಇದು.

ಇದನ್ನು ಹೇಳಿ ಎದೆ ಉಬ್ಬಿಸಿ ಕೂರೋಣವೆಂದರೆ, ಅದೇ ಊರುಗಳ ಹೊಲದಂಚಿನಲ್ಲಿ ಇನ್ನೊಂದು ಕಲ್ಲು ನಿಂತಿರುತ್ತದೆ. ಮಡಚಿ ಮೇಲೆತ್ತಿದ ಒಂದು ಕೈ, ಕೈ ತುಂಬ ಬಳೆ. ಮಾಸ್ತಿಗಲ್ಲು. ಸತ್ತ ವೀರನ ಹೆಂಡತಿಗೆ ನಮ್ಮ ನಾಡು ಕೊಟ್ಟ ಎರಡನೇ ಉತ್ತರ ಅದು. ಭೂಮಿ ಕೊಟ್ಟು ಬದುಕಿಸುವುದು ಒಂದು ದಾರಿ. ಚಿತೆಗೆ ಹತ್ತಿಸಿ, ಕಲ್ಲು ನೆಟ್ಟು, ಕುಂಕುಮ ಹಚ್ಚುವುದು ಇನ್ನೊಂದು. ಎರಡನೆಯದರಲ್ಲಿ ಖರ್ಚು ಕಡಿಮೆ, ಜಯಜಯಕಾರ ಜಾಸ್ತಿ.

ಕಾನೂನು ಬೆಂಕಿಯನ್ನು ಆರಿಸಿ ಬಹಳ ಕಾಲವಾಯಿತು. ಆದರೆ ಖರ್ಚು ಕಡಿಮೆ, ಜಯಜಯಕಾರ ಜಾಸ್ತಿ ಎಂಬ ಆ ಲೆಕ್ಕಾಚಾರ ಇದೆಯಲ್ಲ, ಅದು ನಮ್ಮನ್ನು ಬಿಟ್ಟಿಲ್ಲ. ಕಾರ್ಗಿಲ್‌ಗೆ ಮುಂಚಿನ ಯುದ್ಧಗಳಲ್ಲಿ ಸತ್ತವರನ್ನು ಸಾಮಾನ್ಯವಾಗಿ ಗಡಿಯ ಹತ್ತಿರವೇ ದಹನ ಮಾಡುತ್ತಿದ್ದರು, ಮನೆಗೆ ಬರುತ್ತಿದ್ದದ್ದು ತಂತಿ ಮತ್ತು ಪೆಟ್ಟಿಗೆ. 1999ರಲ್ಲಿ ದೇಹಗಳು ಊರಿಗೆ ಬಂದವು. ಅದು ಒಳ್ಳೆಯದೇ ಆಯಿತು, ಅಮ್ಮಂದಿರು ಮುಖ ನೋಡಿದರು. ಜೊತೆಗೆ ಮೆರವಣಿಗೆ, ಬ್ಯಾನರು, ಕ್ಯಾಮೆರಾ ಬಂದವು. ಶಾಸಕರು ಬಂದರು, ಸರ್ಕಲ್ಲಿಗೆ ಹೆಸರಿಡುವ ಮಾತು ಬಂತು. ಹದಿಮೂರನೇ ದಿನ ಕಳೆದ ಮೇಲೆ ಬಾಗಿಲಿಗೆ ಯಾರೂ ಇಲ್ಲ. ಆಗ ಶುರುವಾಗುವುದು ಕಾಗದದ ಕೆಲಸ. ಅದನ್ನು ನಾನು ಬಲ್ಲೆ, ಯಾಕೆಂದರೆ ಮನೆಯವರು ಸುಬೇದಾರರಾಗಿ ನಿವೃತ್ತರಾದ ಮೇಲೆ ಊರಿನ ಸುತ್ತಮುತ್ತಲ ಹೆಂಗಸರೆಲ್ಲ ತಮ್ಮ ಫೈಲು ಹಿಡಿದು ನಮ್ಮ ಜಗಲಿಗೇ ಬರುತ್ತಿದ್ದರು. ಅವರಿಗೆ ಕಾಫಿ ಕೊಡುತ್ತಾ ಕೊಡುತ್ತಾ ನಾನೂ ಅರ್ಧ ಗುಮಾಸ್ತೆಯಾದೆ.

ಒಬ್ಬಾಕೆಯ ಗಂಡ ಗಡಿಯಲ್ಲಿ ಗುಂಡಿಗೆ ಸಿಕ್ಕವನು. ಅವಳಿಗೆ ಬರುವುದು ಉದಾರೀಕೃತ ಕುಟುಂಬ ಪಿಂಚಣಿ, ಅಂದರೆ ಅವನ ಕೊನೆಯ ಸಂಬಳದಷ್ಟೂ. ಸೇವೆಯ ಕಾರಣದಿಂದಲೇ ಬಂದ ಕಾಯಿಲೆಯಲ್ಲೋ ಡ್ಯೂಟಿಯ ಅಪಘಾತದಲ್ಲೋ ಹೋದವನಾದರೆ ಅದು ವಿಶೇಷ ಪಿಂಚಣಿ, ನೂರಕ್ಕೆ 60. ಇನ್ನೊಬ್ಬಾಕೆಯ ಗಂಡ ರಜೆಯಲ್ಲಿ ಮನೆಗೆ ಬಂದಿದ್ದಾಗ ಬೆಳಗಿನ ಜಾವ ಎದೆನೋವೆಂದು ಕೂತವನು ಏಳಲಿಲ್ಲ. ಅವಳದು ಸಾಮಾನ್ಯ ಪಿಂಚಣಿ. ಮೊದಲ ಹತ್ತು ವರ್ಷ ಅರ್ಧ ಸಂಬಳ, ಆಮೇಲೆ ನೂರಕ್ಕೆ 30. ವರ್ಗೀಕರಣ ಬೇಡವೆಂದು ನಾನು ಹೇಳುವುದಿಲ್ಲ, ಸರ್ಕಾರಕ್ಕೆ ಒಂದು ಅಳತೆಗೋಲು ಬೇಕು. ಆದರೆ ಊರು ಕೂಡ ಅದೇ ಅಳತೆಗೋಲು ಹಿಡಿಯಬೇಕೇ? ಮೊದಲನೆಯವಳ ಮನೆಯ ಮುಂದೆ ಆಗಸ್ಟ್ ಹದಿನೈದಕ್ಕೆ ಶಾಲು ಹಿಡಿದ ಕ್ಯೂ. ಎರಡನೆಯವಳನ್ನು ಯಾವ ಸಂಘವೂ ಕರೆಯುವುದಿಲ್ಲ, ಯಾಕೆಂದರೆ ಅವಳ ಗಂಡ ‘ಸುಮ್ಮನೆ’ ಸತ್ತ. ಅವನು ಹಿಮದಲ್ಲೂ ಮರುಭೂಮಿಯಲ್ಲೂ ಕಳೆದ ವರ್ಷಗಳು ಸುಮ್ಮನೆ ಕಳೆದವಲ್ಲ. ಸಾವನ್ನು ಗೌರವಿಸುವ ಧರ್ಮ ನಮಗೆ ಚೆನ್ನಾಗಿ ಬರುತ್ತದೆ, ಸೇವೆಯನ್ನು ಗೌರವಿಸುವುದು ಬರುವುದಿಲ್ಲ.

ಇನ್ನೊಬ್ಬಳ ಸಂಕಟ ಕೇಳಿದರೆ ನಗುವಿರಿ. ಗಂಡನ ರೆಕಾರ್ಡ್ ಆಫೀಸಿನ ಪಾರ್ಟ್ ಟು ಆರ್ಡರಿನಲ್ಲಿ, ಅಂದರೆ ಮನೆಯವರ ವಿವರ ದಾಖಲಿಸುವ ಕಾಗದದಲ್ಲಿ, ಅವಳ ಹೆಸರು ಬರೀ ಹೆಸರು. ಆಧಾರ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಸೇರಿದೆ, ನಮ್ಮ ಕಡೆ ಎಲ್ಲರಿಗೂ ಸೇರುವ ಹಾಗೆ. ಜನ್ಮದಿನ ಒಂದರಲ್ಲಿ ಜನವರಿ ಒಂದು, ಇನ್ನೊಂದರಲ್ಲಿ ಜೂನ್ ಒಂದು. ಎರಡೂ ಶಾಲೆ ಮೇಷ್ಟ್ರು ಕೊಟ್ಟದ್ದು, ಅವಳು ಹುಟ್ಟಿದ್ದು ಯಾವತ್ತೋ. ಬ್ಯಾಂಕೊಂದರ ಕೌಂಟರಿನಲ್ಲಿ ಕೂತ ಹುಡುಗ “ನೀವೇ ಅವರು ಅಂತ ಏನು ಗ್ಯಾರಂಟಿ?” ಎಂದು ಕೇಳಿದ. ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಿಂದ ಪತ್ರ, ಮತ್ತೆ ರೆಕಾರ್ಡ್ ಆಫೀಸಿಗೆ ಟಪಾಲು. ಅಷ್ಟರಲ್ಲಿ ಪಿಂಚಣಿಯೆಲ್ಲ ‘ಸ್ಪರ್ಶ್’ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಹೋಯಿತು. ಅದಕ್ಕೆ ಮೊಬೈಲ್ ನಂಬರು, ಒಟಿಪಿ. ಮೊಬೈಲು ಮಗನ ಹತ್ತಿರ, ಮಗ ಬೆಂಗಳೂರಿನಲ್ಲಿ. ನಾರದರು ಇವತ್ತು ಬಂದರೆ ‘ಎಳೆದಾಡುತ್ತಿಲ್ಲವಷ್ಟೆ’ ಎಂಬ ಮಾತನ್ನು ಇಲ್ಲಿ ನಿಂತು ಕೇಳಬೇಕು. ಯಾರೂ ಕೆಟ್ಟವರಲ್ಲ, ಯಾರೂ ಹಣ ನುಂಗಿಲ್ಲ. ಬಾಕಿ ಮಾತ್ರ ತೀರಲಿಲ್ಲ.

ಹಳೆಯ ಕಲ್ಲುಗಳ ನೆರಳು ಎಷ್ಟು ಉದ್ದ ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಶೌರ್ಯ ಪದಕ ಪಡೆದವನ ವಿಧವೆ ಮರುಮದುವೆಯಾದರೆ ಪದಕದ ಭತ್ಯೆ ನಿಲ್ಲುತ್ತಿತ್ತು, ಗಂಡನ ಅಣ್ಣತಮ್ಮಂದಿರನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಈ ಷರತ್ತನ್ನು ರಕ್ಷಣಾ ಸಚಿವಾಲಯ ತೆಗೆದದ್ದು 2017ರ ನವೆಂಬರಿನಲ್ಲಿ. ಕೈಯೆತ್ತಿದ ಆ ಕಲ್ಲು ಅಲ್ಲಿಯವರೆಗೆ ಫೈಲಿನೊಳಗೆ ನಿಂತಿತ್ತು.

ವಿಧವೆಯ ಮಾತು ಬಂದ ಮೇಲೆ ಆಟ್ಟುಕಾಲು ದೇವಿಯ ಗುಡಿಯ ವಿಷಯ ಇಲ್ಲಿ ಬರಲೇಬೇಕು. ಚಾಲೈಯಿಂದ ದೂರವಿಲ್ಲ. ಕುಂಭ ಮಾಸದಲ್ಲಿ ಪೊಂಗಾಲದ ದಿನ, ಅಂದರೆ ದೇವಿಗೆಂದು ರಸ್ತೆಯಲ್ಲೇ ಪಾಯಸ ಬೇಯಿಸುವ ದಿನ, ಈ ಊರಿನ ರಸ್ತೆಯೆಲ್ಲ ಹೆಂಗಸರದು. ಮೂರು ಇಟ್ಟಿಗೆ, ಒಂದು ಮಣ್ಣಿನ ಮಡಕೆ, ಅಕ್ಕಿ, ಬೆಲ್ಲ, ಕಾಯಿತುರಿ. ಹಿಂದಿನ ದಿನವೇ ಚಾಲೈಯಲ್ಲಿ ಮಡಕೆ ಗುಡ್ಡೆ ಬಿದ್ದಿರುತ್ತದೆ. ನಾನೂ ಒಂದು ಸಲ ಕಿಳ್ಳಿಪಾಲದ ರಸ್ತೆಯಂಚಿನಲ್ಲಿ ಇಟ್ಟಿಗೆ ಹೂಡಿ ಕೂತಿದ್ದೆ, ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು. ಆಟ್ಟುಕಾಲಮ್ಮ ಅಂದರೆ ಕಣ್ಣಗಿ ಎಂದು ಇಲ್ಲಿಯವರ ನಂಬಿಕೆ. ಗಂಡನನ್ನು ಅನ್ಯಾಯವಾಗಿ ಕೊಂದದ್ದಕ್ಕೆ ಕಾಲಂದುಗೆ ಹಿಡಿದು ಪಾಂಡ್ಯರಾಜನ ಆಸ್ಥಾನಕ್ಕೇ ನುಗ್ಗಿ ಲೆಕ್ಕ ಕೇಳಿದವಳು. ಹಬ್ಬದ ದಿನಗಳಲ್ಲಿ ಅವಳ ಕಥೆಯನ್ನು ತೋಟ್ಟಂಪಾಟ್ಟಾಗಿ ಹಾಡುತ್ತಾರೆ. ಪಾಂಡ್ಯರಾಜ ಸಾಯುವ ಭಾಗ ಹಾಡಿ ಮುಗಿದ ಮೇಲೆಯೇ ಪೊಂಗಾಲದ ಒಲೆಗೆ ಬೆಂಕಿ.

ಈ ಕ್ರಮವನ್ನು ಯಾರು ಗೊತ್ತು ಮಾಡಿದರೋ, ಅವರಿಗೆ ಧರ್ಮ ಗೊತ್ತಿತ್ತು. ಮೊದಲು ಅರಸು ಲೆಕ್ಕ ಒಪ್ಪಿಸಬೇಕು, ಆಮೇಲೆ ಪಾಯಸ. ಲಕ್ಷಾಂತರ ಜನ ವಿಧವೆಯೊಬ್ಬಳ ಸಿಟ್ಟನ್ನು ದೇವತೆ ಮಾಡಿ ಕೈಮುಗಿಯುತ್ತಾರೆ. ಅದೇ ಊರಿನಲ್ಲಿ, ಎಲ್ಲ ಊರಿನಲ್ಲೂ, ಕಚೇರಿಯಲ್ಲಿ ಎರಡು ಸಲ ಜೋರಾಗಿ ಕೇಳಿದ ವಿಧವೆಯನ್ನು ‘ದುಡ್ಡಿನ ಆಸೆ ನೋಡು’ ಎನ್ನುತ್ತಾರೆ. ಕೆಲವು ಮನೆಗಳಲ್ಲಿ ಅತ್ತೆಮಾವಂದಿರೇ ಅನ್ನುತ್ತಾರೆ. ಮಗನನ್ನು ಕಳೆದುಕೊಂಡ ಮುದುಕರ ಬಡತನವೂ ಸುಳ್ಳಲ್ಲ. ಅವರ ಪಾಲಿನದನ್ನು ಅವರಿಗೆ ಬೇರೆಯಾಗಿ ಕೊಡುವ ದಾರಿ ಹುಡುಕಬೇಕೇ ಹೊರತು ಸೊಸೆಯ ಪಾಲಿನಿಂದ ಕಿತ್ತಲ್ಲ.

ಈಗ ಚಾಲೈ ಅಂಗಡಿಯ ಮಾತು. 1999ರ ಆ ತಿಂಗಳುಗಳಲ್ಲಿ ಮನೆಯವರು ಕಳಿಸುವ ದುಡ್ಡು ಹೊತ್ತಿಗೆ ಬರುತ್ತಿರಲಿಲ್ಲ. ಅವರ ತಪ್ಪಲ್ಲ, ಇದ್ದ ಜಾಗ ಹಾಗಿತ್ತು. ಚಾಲೈಯಲ್ಲಿ ಒಬ್ಬ ವಯಸ್ಸಾದ ದಿನಸಿ ವ್ಯಾಪಾರಿ, ಬಿಳಿ ಮುಂಡು, ಕಿವಿಯ ಮೇಲೆ ಪೆನ್ಸಿಲು. ನನಗೆ ಮಲಯಾಳ ಬಾರದು, ಅವರಿಗೆ ಕನ್ನಡ ಬಾರದು. ಎರಡು ಮೂರು ಸಲ ಸಾಮಾನು ಆರಿಸಿ, ಚೀಲದಿಂದ ಅರ್ಧ ಹೊರಗೆ ತೆಗೆದಿಟ್ಟು ಕೈಲಿದ್ದಷ್ಟಕ್ಕೆ ಕೊಂಡದ್ದನ್ನು ನೋಡಿದ್ದಿರಬೇಕು. ಒಂದು ದಿನ ತೆಗೆದಿಟ್ಟದ್ದನ್ನು ಅವರೇ ವಾಪಸು ಚೀಲಕ್ಕೆ ತುಂಬಿ, ಉದ್ದದ ಕೆಂಪು ಪುಸ್ತಕ ಎಳೆದು, ನನ್ನ ಹೆಸರು ಕೇಳದೆ ‘ಪಟ್ಟಾಳಂ’ ಎಂದು ಬರೆದುಕೊಂಡರು. ಪಟ್ಟಾಳ ಅಂದರೆ ಸೈನ್ಯ. ಆ ಪುಟದ ಮೇಲೆ ನಾನು ಅಷ್ಟೇ ಆಗಿದ್ದೆ. ಅಕ್ಕಿ ಮೂಟೆಯನ್ನು ಹೊರೆಯಾಳಿನ ಕೈಲಿ ಆಟೋದವರೆಗೆ ಕಳಿಸುತ್ತಿದ್ದರು. ದುಡ್ಡು ಬಂದಾಗ ಹೋಗಿ ಕೊಟ್ಟರೆ, ಒಂದು ರೂಪಾಯಿ ಬಿಡದೆ ಎಣಿಸಿಕೊಂಡು ಗೆರೆ ಎಳೆಯುತ್ತಿದ್ದರು. ‘ನಿಮ್ಮ ಗಂಡ ದೇಶಕ್ಕಾಗಿ’ ಎಂಬ ಮಾತು ಅವರ ಬಾಯಿಂದ ಒಂದು ಸಲವೂ ಬರಲಿಲ್ಲ.

ಆ ಕಾಲದಲ್ಲಿ ನನಗೆ ಬೇರೆ ಸಹಾಯಗಳೂ ಬಂದವು. ಯಾವುದೋ ಸಂಘದವರು ಕರೆದು ಸ್ಟೀಲ್ ಡಬ್ಬಿ, ಸೀರೆ ಕೊಟ್ಟು ಫೋಟೋ ತೆಗೆದರು. ಅವರ ಮನಸ್ಸೂ ಒಳ್ಳೆಯದೇ. ಆದರೆ ಫೋಟೋದಲ್ಲಿ ನಾನು ಕೈಚಾಚಿದವಳು. ಅಂಗಡಿಯ ಪುಸ್ತಕದಲ್ಲಿ ನಾನು ಖಾತೆ ಇದ್ದವಳು, ನಾಳೆ ಬಂದು ತೀರಿಸುವವಳು. ಗಂಡ ಬದುಕಿ ಬರುತ್ತಾನೆ ಎಂದು ಆ ಮುದುಕರು ನಂಬಿ ಸಾಲ ಕೊಟ್ಟಿದ್ದರು ಎನ್ನುವುದು ನನಗೆ ಆಮೇಲೆ ಹೊಳೆಯಿತು. ಈ ಊರಿನಲ್ಲಿ ಆಗ ಅದಕ್ಕಿಂತ ದೊಡ್ಡ ಆಶೀರ್ವಾದ ಯಾರೂ ಮಾಡಲಿಲ್ಲ. ಅತ್ತೆಯ ನೂರೊಂದು ಕಾಯಿಗಳೂ ಆ ಅಂಗಡಿಯ ಪಕ್ಕದವನ ಬಳಿಯೇ ಬಂದವು, ಅವನು ನಗದು ಎಂದ.

ಸಿಪಾಯಿ ಕುಟುಂಬಕ್ಕೆ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಪುಸ್ತಕ. ಗಂಡ ಫೀಲ್ಡಿನಲ್ಲಿದ್ದಾಗ ಹೆಂಡತಿಗೆ ಬೇಕಾದದ್ದು ಹೊಗಳಿಕೆಯಲ್ಲ. ರಾತ್ರಿ ಮಗುವಿಗೆ ಜ್ವರ ಬಂದರೆ ಗಾಡಿ ತೆಗೆಯುವ ಪಕ್ಕದ ಮನೆಯವರು ಬೇಕು. ವರ್ಷದ ನಡುವೆ ಟಿಸಿ ಹಿಡಿದು ಬಂದ ಮಗುವಿಗೆ ಕನ್ನಡವೋ ಮಲಯಾಳವೋ ಹಿಂದಿಯೋ ಬಾರದಿದ್ದರೆ ಬೈಯದ ಟೀಚರ್ ಬೇಕು. ನಮ್ಮಲ್ಲಿ ಕೇಳುವ ಪ್ರಶ್ನೆ ಮಾತ್ರ ಬೇರೆ: “ಮಿಲಿಟರಿಯವರಾ? ಕ್ಯಾಂಟೀನಿನಲ್ಲಿ ಬಾಟ್ಲಿ ಸಿಗುತ್ತಲ್ಲ, ಒಂದು ಕೊಡಿಸ್ತೀರಾ?” ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಒಂದು ಸಲ ಸಾವಿನ ಮನೆಯಲ್ಲೂ ಕೇಳಿದ್ದಾರೆ. ಮನೆಯವರು ನಕ್ಕು ಸುಮ್ಮನಾಗುತ್ತಾರೆ, ನಾನು ಆಗುವುದಿಲ್ಲ.

ಹಾಗಾದರೆ ಹರಕೆ, ಈಡುಗಾಯಿ, ಪೊಂಗಾಲ ಇವೆಲ್ಲ ದಂಡವೇ ಎಂದರೆ ಅಲ್ಲ. ಸಿಪಾಯಿಗಳೇ ನಡೆಸುವ ದೇವಸ್ಥಾನದಲ್ಲಿ ಸಿಪಾಯಿಯ ತಾಯಿ ಕಾಯಿ ಒಡೆಯುವುದನ್ನು ಅಣಕಿಸುವಷ್ಟು ಬುದ್ಧಿವಂತಳು ನಾನಲ್ಲ. ಇದೇ ಊರಿನ ಪಾಳಯಂ ಎಂಬಲ್ಲಿ ಒಂದಕ್ಕೊಂದು ಎದುರುಬದುರು ಎನ್ನುವ ಹಾಗೆ ಮಸೀದಿ, ಚರ್ಚು, ಗಣಪತಿ ಗುಡಿ ಇವೆ. ಆ ಮಸೀದಿಯೂ 19ನೇ ಶತಮಾನದ ಮೊದಲಲ್ಲಿ ಪಟ್ಟಾಳದವರಿಗೆಂದು ಆದದ್ದು. ಸೇನೆಯ ಸರ್ವ ಧರ್ಮ ಸ್ಥಳದಲ್ಲಂತೂ ಎಲ್ಲ ದೇವರೂ ಒಂದೇ ಸೂರಿನಡಿ. ಭಯ ಇರುವಲ್ಲಿ ದೇವರು ಬೇಕು. ನನ್ನ ತಕರಾರು ಇಷ್ಟೇ. ಸಿಪಾಯಿಗಾಗಿ ದೇವರ ಮುಂದೆ ಕೈಮುಗಿದವರು ಆ ಕ್ಷಣದಿಂದ ಜಾಮೀನುದಾರರಾಗುತ್ತಾರೆ. ‘ಅವನನ್ನು ನೋಡಿಕೋ’ ಎಂದು ದೇವರಿಗೆ ಹೇಳಿದವರು ‘ಅವನ ಮನೆಯನ್ನು ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಅರ್ಧವನ್ನು ನುಂಗಬಾರದು. ಗೀತೆಯ ಆ ಮಾತು ಸಿಪಾಯಿಯ ಟ್ರಂಕಿನ ಮೇಲಿದ್ದರೆ, ನಾರದರ ಆ ಪ್ರಶ್ನೆ ಬ್ಯಾಂಕಿನ, ಶಾಲೆಯ, ತಾಲ್ಲೂಕು ಕಚೇರಿಯ ಗೋಡೆಯ ಮೇಲಿರಬೇಕು.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದು ಬಂದದ್ದು. ಶಾಲೆಯ ಮಕ್ಕಳು ಡಬ್ಬಿ ಹಿಡಿದು ಬಂದರೆ ಹಣ ಹಾಕಿ, ಅದು ವಿಧವೆಯರ ಮತ್ತು ಅಂಗವಿಕಲ ಸೈನಿಕರ ನಿಧಿಗೆ ಹೋಗುತ್ತದೆ. ಅದಕ್ಕಿಂತ ಒಂದು ತಿಂಗಳು ಮುಂಚೆ ಮಾಡುವ ಕೆಲಸ ಇನ್ನೊಂದಿದೆ. ಪಿಂಚಣಿ ಪಡೆಯುವ ಹೆಚ್ಚಿನವರು ನವೆಂಬರಿನಲ್ಲಿ ಜೀವನ ಪ್ರಮಾಣ ಪತ್ರ ಕೊಡಬೇಕು, ಬದುಕಿದ್ದೇವೆ ಎಂದು ಸಾಬೀತು ಮಾಡಬೇಕು. ಗದ್ದೆ ಕೆಲಸ ಮಾಡಿ ಬೆರಳಿನ ಗೆರೆ ಸವೆದ ಮುದುಕಿಯರ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ನಿಮ್ಮ ಬೀದಿಯಲ್ಲಿ ಮಿಲಿಟರಿ ಪಿಂಚಣಿಯ ಹೆಂಗಸೊಬ್ಬರಿದ್ದರೆ ಈ ನವೆಂಬರಿನಲ್ಲಿ ಅವರ ಮನೆಗೆ ಹೋಗಿ, ನಿಮ್ಮ ಫೋನು ತೆಗೆದುಕೊಂಡು. ಅವರ ಪಿಂಚಣಿ ಆದೇಶದ ಪತ್ರ (ಪಿಪಿಒ) ಮತ್ತು ಆಧಾರಿನಲ್ಲಿ ಹೆಸರು ಒಂದೇ ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಜೊತೆಗೆ ಹೋಗಿ ಬನ್ನಿ, ಅವರು ಬದುಕಿರುವಾಗಲೇ.